ಬಹುಮಾನ ಕಾಫಿ ಸೆಟ್, ಸಂಬಳ ಅಮೆರಿಕದಲ್ಲಿ

ಡೋರಿಸ್ ಫಿಟ್ಶೆನ್ ಜರ್ಮನಿಯ ಪರ 144 ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಗಳನ್ನು ಆಡಿದರು, ನಾಲ್ಕು ಬಾರಿ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದರು. ಇಷ್ಟಾದರೂ ಸಂಪೂರ್ಣ ವೃತ್ತಿಪರವಾದ ಲೀಗೊಂದರಲ್ಲಿ ಆಡುವ ಅವಕಾಶ ಅವರಿಗೆ ಸಿಕ್ಕಿದ್ದು ಕೊನೆಯ ವರ್ಷ, 2001ರಲ್ಲಿ. ಆ ಲೀಗ್ ಇದ್ದದ್ದು ಅಮೆರಿಕದಲ್ಲಿ. ಜರ್ಮನಿಯ ಮಹಿಳಾ ಫುಟ್‌ಬಾಲ್‌ಗೆ ಪದಕಗಳು ಮೊದಲು ಬಂದವು, ಸಂಬಳ ಬಹಳ ತಡವಾಗಿ ಬಂತು. ಅದೇಕೆ ಹಾಗಾಯಿತು ಎಂದು ತಿಳಿಯಲು ಫಿಟ್ಶೆನ್ ಹುಟ್ಟುವುದಕ್ಕೂ ಮೊದಲಿನ ಒಂದು ನಿರ್ಣಯದವರೆಗೆ ಹೋಗಬೇಕು.

1955ರ ಜುಲೈನಲ್ಲಿ ಜರ್ಮನ್ ಫುಟ್‌ಬಾಲ್ ಒಕ್ಕೂಟ ಮಹಿಳೆಯರ ಆಟವನ್ನು ನಿಷೇಧಿಸಿತು. ಚೆಂಡಿಗಾಗಿ ಸೆಣಸುವಾಗ ಹೆಣ್ಣಿನ ಲಾವಣ್ಯ ಕೆಡುತ್ತದೆ, ದೇಹ ಮತ್ತು ಮನಸ್ಸಿಗೆ ಹಾನಿಯಾಗುತ್ತದೆ, ಮೈ ಪ್ರದರ್ಶನ ಸಭ್ಯತೆಗೆ ತಕ್ಕುದಲ್ಲ ಎಂಬುದು ಕೊಟ್ಟ ಕಾರಣ. ಒಕ್ಕೂಟಕ್ಕೆ ಸೇರಿದ ಕ್ಲಬ್‌ಗಳು ಮಹಿಳೆಯರಿಗೆ ಮೈದಾನ ಕೊಡುವಂತಿರಲಿಲ್ಲ, ರೆಫರಿಗಳು ಅವರ ಪಂದ್ಯ ನಡೆಸಿಕೊಡುವಂತಿರಲಿಲ್ಲ. ಆಟವೇನೂ ನಿಲ್ಲಲಿಲ್ಲ. ಮರುವರ್ಷವೇ ಎಸ್ಸೆನ್ ನಗರದಲ್ಲಿ ಜರ್ಮನ್ ಮಹಿಳೆಯರು ನೆದರ್ಲೆಂಡ್ಸ್ ತಂಡದ ವಿರುದ್ಧ ಆಡಿದಾಗ ಸುಮಾರು 18 ಸಾವಿರ ಜನ ಸೇರಿದ್ದರು. ನೋಡುವವರಿಗೆ ಇಲ್ಲದ ಮುಜುಗರ ಪದಾಧಿಕಾರಿಗಳಿಗಿತ್ತು.

1970ರ ಅಕ್ಟೋಬರ್‌ನಲ್ಲಿ ನಿಷೇಧ ತೆರವಾಯಿತು. ಮಹಿಳೆಯರು ತಮ್ಮದೇ ಸಂಘಟನೆ ಕಟ್ಟಿಕೊಂಡು ಕೈತಪ್ಪಿ ಹೋದಾರು ಎಂಬ ಆತಂಕವೂ ಅದಕ್ಕೆ ಕಾರಣವಾಗಿತ್ತು. ಬಾಗಿಲು ತೆರೆದರೂ ಷರತ್ತುಗಳು ತಪ್ಪಲಿಲ್ಲ: ಹಗುರವಾದ ಚೆಂಡು, ಅರ್ಧಕ್ಕೆ ಮೂವತ್ತೇ ನಿಮಿಷ, ಚಳಿಗಾಲದಲ್ಲಿ ಉದ್ದನೆಯ ವಿರಾಮ. ಉತ್ತರ ಜರ್ಮನಿಯ ತ್ಸೇವೆನ್ ಎಂಬ ಸಣ್ಣ ಊರಿನಲ್ಲಿ 1968ರಲ್ಲಿ ಹುಟ್ಟಿದ ಫಿಟ್ಶೆನ್‌ಗೆ ಆಗ ಎರಡು ವರ್ಷ. ದೇಶಕ್ಕೊಂದು ಅಧಿಕೃತ ಮಹಿಳಾ ತಂಡ ಬರಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. 1982ರ ನವೆಂಬರ್‌ನಲ್ಲಿ ಕೊಬ್ಲೆಂಜ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪಶ್ಚಿಮ ಜರ್ಮನಿ ಸ್ವಿಟ್ಜರ್ಲೆಂಡ್ ತಂಡವನ್ನು 5-1ರಿಂದ ಸೋಲಿಸಿತು.

1986ರಲ್ಲಿ ಫಿಟ್ಶೆನ್ ಈ ತಂಡ ಸೇರಿದರು. ಅವರ ಜಾಗ ಹೆಚ್ಚಾಗಿ ಲಿಬೆರೊ, ಅಂದರೆ ಯಾರ ಬೆನ್ನನ್ನೂ ಹಿಡಿಯದೆ ರಕ್ಷಣಾ ಸಾಲಿನ ಹಿಂದೆ ನಿಂತು, ಉಳಿದವರಿಂದ ತಪ್ಪಿಸಿಕೊಂಡು ಬಂದ ಚೆಂಡನ್ನು ತಡೆದು, ಅಲ್ಲಿಂದಲೇ ದಾಳಿ ಆರಂಭಿಸುವ ಆಟಗಾರ್ತಿ. ಓಟಕ್ಕಿಂತ ಆಟವನ್ನು ಓದುವ ಕಣ್ಣು ಇಲ್ಲಿ ಮುಖ್ಯ. ಗೋಲುಗಳ ಪಟ್ಟಿಯಲ್ಲಿ ಹೆಸರು ಕಾಣದ ಈ ಸ್ಥಾನದಿಂದಲೂ ಅವರು 1989ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡರು.

ಆ ಟೂರ್ನಿಯ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಇಟಲಿ ವಿರುದ್ಧ ಸೀಗೆನ್‌ನಲ್ಲಿ ನಡೆದ ಸೆಮಿಫೈನಲ್, ಜರ್ಮನ್ ಟಿ.ವಿ.ಯಲ್ಲಿ ನೇರ ಪ್ರಸಾರವಾದ ಮೊದಲ ಮಹಿಳಾ ಪಂದ್ಯ. ಅದು ಪೆನಾಲ್ಟಿ ಶೂಟೌಟ್‌ವರೆಗೆ ಹೋಯಿತು. ಗೋಲ್‌ಕೀಪರ್ ಮರಿಯೊನ್ ಇಸ್ಬೆರ್ಟ್ ಎದುರಾಳಿಗಳ ಹೊಡೆತಗಳನ್ನು ತಡೆದದ್ದಲ್ಲದೆ ನಿರ್ಣಾಯಕ ಪೆನಾಲ್ಟಿಯನ್ನೂ ತಾವೇ ಗೋಲಾಗಿಸಿದರು. ಟಿ.ವಿ.ಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಸಾಧ್ಯವಿರಲಿಲ್ಲ. ಜುಲೈ 2ರಂದು ಓಸ್ನಾಬ್ರುಕ್‌ನ ಫೈನಲ್‌ಗೆ 22 ಸಾವಿರ ಪ್ರೇಕ್ಷಕರು ಬಂದರು, ನಾರ್ವೆ 4-1ರಿಂದ ಸೋತಿತು. ಗೆದ್ದ ಆಟಗಾರ್ತಿಯರಿಗೆ ಒಕ್ಕೂಟ ಕೊಟ್ಟ ಬಹುಮಾನ, ಹೂವಿನ ಚಿತ್ರವಿದ್ದ ಪಿಂಗಾಣಿಯ ಕಾಫಿ ಸೆಟ್!

ಜಿಪುಣತನವನ್ನಾದರೂ ಕ್ಷಮಿಸಬಹುದು. ಯುರೋಪನ್ನು ಗೆದ್ದು ಬಂದವರಿಗೆ ಕಪ್ಪು ಬಸಿಗಳು ಸಾಕು ಎಂದುಕೊಂಡ ಮನಸ್ಸು, 1955ರ ನಿರ್ಣಯ ಬರೆದ ಮನಸ್ಸಿನಿಂದ ಬಹಳ ದೂರವೇನೂ ಬಂದಿರಲಿಲ್ಲ.

ಮುಂದಿನ ವರ್ಷ, 1990ರಲ್ಲಿ, ಮಹಿಳಾ ಬುಂಡೆಸ್‌ಲಿಗಾ, ಅಂದರೆ ಜರ್ಮನಿಯ ಅಗ್ರ ಲೀಗ್, ಶುರುವಾಯಿತು. ಅದು ಉತ್ತರ, ದಕ್ಷಿಣ ಎಂದು ಎರಡು ಗುಂಪಾಗಿತ್ತು. ಒಂದೇ ಲೀಗ್ ಆದದ್ದು 1997ರಲ್ಲಿ. ಫಿಟ್ಶೆನ್ ವೋಲ್ಫ್ಸ್‌ಬುರ್ಗ್‌ನಿಂದ ಸೀಗೆನ್‌ಗೆ, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಹೋದರು, ಲೀಗ್ ಪ್ರಶಸ್ತಿಗಳನ್ನೂ ಕಪ್‌ಗಳನ್ನೂ ಗೆದ್ದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಬಂತು. ದೇಶದ ತಂಡಕ್ಕೆ ಆಡುವವರಿಗೂ ಓದು ಅಥವಾ ನೌಕರಿ, ಸಂಜೆ ಅಭ್ಯಾಸ ಎಂಬುದು ಆ ಕಾಲದ ಸಾಮಾನ್ಯ ದಿನಚರಿಯಾಗಿತ್ತು.

2001ರಲ್ಲಿ ಅಮೆರಿಕದಲ್ಲಿ ಎಂಟು ತಂಡಗಳ ವೃತ್ತಿಪರ ಲೀಗ್ ಆರಂಭವಾದಾಗ ಫಿಟ್ಶೆನ್ ಫಿಲಡೆಲ್ಫಿಯಾ ಚಾರ್ಜ್ ತಂಡ ಸೇರಿದರು. ಅದೇ ಬೇಸಿಗೆಯಲ್ಲಿ ತವರಿನಲ್ಲಿ ಯುರೋಪಿಯನ್ ಕಿರೀಟ ಮತ್ತೆ ಅವರ ಪಾಲಾಯಿತು, ವರ್ಷ ಮುಗಿಯುವುದರೊಳಗೆ ಆಟವೂ ಮುಗಿಯಿತು. ಹಣದ ಕೊರತೆಯಿಂದ ಆ ಲೀಗ್ ಕೂಡ 2003ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಮುಂದಿನ ತಿಂಗಳು ಅದೇ ದೇಶದಲ್ಲಿ ಜರ್ಮನಿ ವಿಶ್ವಕಪ್ ಗೆದ್ದಿತು. ಸ್ವೀಡನ್ ವಿರುದ್ಧದ ಫೈನಲ್‌ನಲ್ಲಿ ಬದಲಿ ಆಟಗಾರ್ತಿಯಾಗಿ ಬಂದ ನಿಯಾ ಕ್ಯುನ್ಸರ್ 98ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲ್ಡನ್ ಗೋಲ್, ಅಂದರೆ ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯವನ್ನೇ ಮುಗಿಸುವ ಗೋಲು, ಅದನ್ನು ನಿರ್ಧರಿಸಿತು. ಮಂಡಿಯ ಕ್ರೂಸಿಯೇಟ್ ಲಿಗಮೆಂಟ್ ನಾಲ್ಕು ಬಾರಿ ಹರಿದುಕೊಂಡ ಕ್ಯುನ್ಸರ್ ಆಡಿದ್ದು 34 ಅಂತರರಾಷ್ಟ್ರೀಯ ಪಂದ್ಯ ಮಾತ್ರ. ಆಟ ಬಿಟ್ಟ ಮೇಲೆ ಅವರು ಗೀಸೆನ್‌ನ ಸರ್ಕಾರಿ ಆಡಳಿತದಲ್ಲಿ ನಿರಾಶ್ರಿತರಿಗೆ ಸಂಬಂಧಿಸಿದ ಕೆಲಸದಲ್ಲಿ ತೊಡಗಿದರು.

ಸಂಬಳ ನಿಧಾನವಾಗಿ ಬಂದದ್ದು ಮುಂದಿನ ಪೀಳಿಗೆಗೆ. ಮರೀನಾ ಹೆಗೆರಿಂಗ್ 2010ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಡಿಫೆಂಡರ್. ಹಿಮ್ಮಡಿಯ ನೋವು ಅವರ ಹಲವು ವರ್ಷಗಳನ್ನು ನುಂಗಿತು. ಹಿರಿಯರ ತಂಡಕ್ಕೆ ಕಾಲಿಟ್ಟಾಗ 2019 ಬಂದಿತ್ತು, ಅವರಿಗೆ 28 ವರ್ಷ. ಹಾಗಿದ್ದೂ ಬಯರ್ನ್ ಮ್ಯೂನಿಕ್, ವೋಲ್ಫ್ಸ್‌ಬುರ್ಗ್‌ನಂತಹ ದೊಡ್ಡ ಕ್ಲಬ್‌ಗಳು ಅವರಿಗೆ ಸಿಕ್ಕವು. 2022ರ ಯುರೋಪಿಯನ್ ಟೂರ್ನಿ ಗೆದ್ದರೆ ತಲಾ 60 ಸಾವಿರ ಯೂರೊ ಕೊಡುವುದಾಗಿ ಒಕ್ಕೂಟ ಹೇಳಿತ್ತು. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಫೈನಲ್‌ನಲ್ಲಿ 87,192 ಪ್ರೇಕ್ಷಕರ ಮುಂದೆ, ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡ್ 2-1ರಿಂದ ಗೆದ್ದಿತು. ಆ ದಿನ ಜರ್ಮನಿಯ ರಕ್ಷಣೆಯ ನಡುವೆ ನಿಂತವರಲ್ಲಿ ಹೆಗೆರಿಂಗ್ ಒಬ್ಬರು. ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನೊಂದಿಗೆ 2024ರಲ್ಲಿ ಅವರು ನಿವೃತ್ತರಾದರು.

ನನಗೆ ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ಒಂದು ಕಾಲಕ್ಕೆ ಹೆಣ್ಣುಮಕ್ಕಳಿಗೆ ಮೈದಾನ ನಿರಾಕರಿಸಿದ ಒಕ್ಕೂಟದ ಹುದ್ದೆಗಳಿಗೆ ಮುಂದೆ ಬಂದವರಲ್ಲಿ ಡಿಫೆಂಡರ್‌ಗಳೇ ಎದ್ದು ಕಾಣುತ್ತಾರೆ. ಫಿಟ್ಶೆನ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಆದರು. 111 ಪಂದ್ಯ ಆಡಿದ್ದ ಸ್ಟೆಫಿ ಜೋನ್ಸ್ 2011ರ ವಿಶ್ವಕಪ್ ಸಂಘಟನಾ ಸಮಿತಿಯ ಅಧ್ಯಕ್ಷೆಯಾಗಿ, ನಂತರ ಮುಖ್ಯ ಕೋಚ್ ಆಗಿ ಕೆಲಸ ಮಾಡಿದರು. 2017ರ ಯುರೋಪಿಯನ್ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಡೆನ್ಮಾರ್ಕ್‌ಗೆ ಸೋತ ಮರುವರ್ಷ ಅವರನ್ನು ತೆಗೆದುಹಾಕಲಾಯಿತು. 2024ರ ಆರಂಭದಿಂದ ಮಹಿಳಾ ಫುಟ್‌ಬಾಲ್‌ನ ಕ್ರೀಡಾ ನಿರ್ದೇಶಕಿಯ ಕುರ್ಚಿಯಲ್ಲಿ ಕ್ಯುನ್ಸರ್ ಕುಳಿತಿದ್ದಾರೆ.