65ಕ್ಕೆ ರೋಗಿ, 60ಕ್ಕೆ ಗುಣಮುಖ

ಬೆಳಿಗ್ಗೆ ತಲೆಸ್ನಾನ ಮಾಡಿ, ಕೂದಲು ಒರೆಸಿಕೊಂಡು, ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿದ್ದಷ್ಟೇ. ಅಂದು ಏನೂ ಆಗುವುದಿಲ್ಲ. ಮರುದಿನವೋ ಅದರ ಮರುದಿನವೋ ಮೈ ಕಲ್ಲಾಗುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಎದುರಿಗಿದ್ದವರ ಮಾತು ಅರ್ಧಕ್ಕೇ ಕೈತಪ್ಪುತ್ತದೆ. ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಕಾಯಿಲೆಯ ಮುಖ್ಯ ಗುರುತು ಇದು. ಪಟ್ಟ ಶ್ರಮದ ಸಾಲವನ್ನು ದೇಹ ತಡವಾಗಿ, ಬಡ್ಡಿ ಸಮೇತ ವಸೂಲು ಮಾಡುತ್ತದೆ. ಹಲವರಿಗೆ ಇದು ಶುರುವಾಗುವುದು ಯಾವುದೋ ವೈರಾಣು ಸೋಂಕು ಬಂದುಹೋದ ಮೇಲೆ. ರಾತ್ರಿ ನಿದ್ದೆ ಮಾಡಿದರೆ ಕಳೆಯುವ ಸುಸ್ತಿಗೆ ಇದನ್ನು ಹೋಲಿಸುವುದೇ ತಪ್ಪು.

ಇಂಥವರಿಗೆ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಸೂಚಿಸಿದ್ದು ಹಂತಹಂತವಾಗಿ ಏರಿಸುವ ವ್ಯಾಯಾಮ ಮತ್ತು ಮನೋಚಿಕಿತ್ಸೆ. ಭಯಪಟ್ಟು ಮಲಗಿದ್ದರಿಂದಲೇ ದೇಹ ಸೊರಗಿದೆ ಎಂಬುದು ಇದರ ಹಿಂದಿದ್ದ ನಂಬಿಕೆ. 641 ರೋಗಿಗಳ ಮೇಲೆ ನಡೆದ ‘ಪೇಸ್’ ಪ್ರಯೋಗ 2011ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಆ ನಂಬಿಕೆಗೆ ಮುದ್ರೆ ಒತ್ತಿತು. ಎರಡು ವರ್ಷಗಳ ಬಳಿಕ ಅದೇ ತಂಡ, ಈ ಚಿಕಿತ್ಸೆಗಳಿಂದ ನೂರಕ್ಕೆ 22 ಮಂದಿ ಗುಣಮುಖರಾದರು ಎಂದು ಬರೆಯಿತು.

ರೋಗಿಗಳೇ ಕುಳಿತು ಆ ವರದಿಗಳನ್ನು ಸಾಲುಸಾಲಾಗಿ ಓದಿದರು. ದೈಹಿಕ ಸಾಮರ್ಥ್ಯಕ್ಕೆ ನೂರು ಅಂಕಗಳ ಒಂದು ಅಳತೆ ಇತ್ತು. 65 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ ಪ್ರಯೋಗಕ್ಕೆ ಪ್ರವೇಶ. ಗುಣವಾದರೆನ್ನಲು 85 ಬೇಕೆಂದು ಮೊದಲು ನಿಗದಿಯಾಗಿತ್ತು. ಆಮೇಲೆ ಅದನ್ನು 60ಕ್ಕೆ ಇಳಿಸಿದರು. 65ರಿಂದ ಜಾರಿ 60ಕ್ಕೆ ಬಂದು, ಮೊದಲಿಗಿಂತ ಕುಗ್ಗಿದವರೂ ಈ ಅಳತೆಯ ಮಟ್ಟಿಗೆ ಗುಣವಾದಂತೆ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೂಲ ದತ್ತಾಂಶ ಕೊಡಿ ಎಂದು ಆಸ್ಟ್ರೇಲಿಯಾದ ರೋಗಿಯೊಬ್ಬರು ಬ್ರಿಟನ್ನಿನ ಮಾಹಿತಿ ಹಕ್ಕಿನಡಿ ಕೇಳಿದರು. ಪ್ರಯೋಗ ನಡೆಸಿದ್ದ ವಿಶ್ವವಿದ್ಯಾಲಯ ಒಪ್ಪಲಿಲ್ಲ. 2016ರಲ್ಲಿ ನ್ಯಾಯಮಂಡಳಿ ರೋಗಿಯ ಪರ ತೀರ್ಪಿತ್ತಿತು. ಮೊದಲಿನ ಮಾನದಂಡವನ್ನೇ ಇಟ್ಟು ಲೆಕ್ಕ ಹಾಕಿದಾಗ ಗುಣವಾದವರು ಮನೋಚಿಕಿತ್ಸೆಯಲ್ಲಿ ನೂರಕ್ಕೆ 7, ವ್ಯಾಯಾಮದಲ್ಲಿ 4. ಇವೆರಡೂ ಇಲ್ಲದೆ ತಜ್ಞವೈದ್ಯರ ಆರೈಕೆಯಷ್ಟೇ ಸಿಕ್ಕವರಲ್ಲಿ 3. ಗಣನೀಯ ವ್ಯತ್ಯಾಸವೇ ಇರಲಿಲ್ಲ.

ದೇಹವೂ ಸಾಕ್ಷಿ ಹೇಳುತ್ತದೆ. ಸತತ ಎರಡು ದಿನ ಸೈಕಲ್ ತುಳಿಸಿ ಉಸಿರಾಟ ಅಳೆದರೆ, ಆರೋಗ್ಯವಂತರು ಎರಡನೆಯ ದಿನವೂ ಹೆಚ್ಚುಕಡಿಮೆ ಅಷ್ಟೇ ತುಳಿಯುತ್ತಾರೆ. ಈ ರೋಗಿಗಳಲ್ಲಿ ಅನೇಕರ ಸಾಮರ್ಥ್ಯ ಕುಸಿದಿರುತ್ತದೆ.

ನೈಸ್ 2021ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ, ನಿಗದಿತ ಪ್ರಮಾಣದಲ್ಲಿ ಏರಿಸುತ್ತ ಹೋಗುವ ವ್ಯಾಯಾಮವನ್ನು ಕೊಡಬಾರದು ಎಂದಿತು. ಮನೋಚಿಕಿತ್ಸೆ ಬೇಕೆಂದವರಿಗೆ ಅದು ಆಸರೆ, ರೋಗ ವಾಸಿಮಾಡುವ ಮದ್ದಲ್ಲ ಎಂದೂ ಹೇಳಿತು. ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಈಗಿನ ದಾರಿ, ಹಾಸಿಗೆ ಇದ್ದಷ್ಟು ಕಾಲು ಚಾಚುವುದು: ತರಕಾರಿಯನ್ನು ಕುಳಿತೇ ಹೆಚ್ಚುವುದು, ಸ್ನಾನಕ್ಕೊಂದು ಸ್ಟೂಲು, ಸುಸ್ತಾಗುವ ಮೊದಲೇ ವಿಶ್ರಾಂತಿ.

ಕೋವಿಡ್ ಬಂದುಹೋಗಿ ತಿಂಗಳುಗಳಾದರೂ ಏಳಲಾಗದ ಕೆಲವರಲ್ಲಿ ಇದೇ ಲಕ್ಷಣಗಳಿವೆ. ‘ದಿನಾ ವಾಕಿಂಗ್ ಮಾಡಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಮುನ್ನ ಅವರನ್ನು ಕೇಳಬೇಕಾದದ್ದು ಒಂದಿದೆ: ಹಿಂದಿನ ಸಲ ನಡೆದ ಮರುದಿನ ಹೇಗಿದ್ದಿರಿ?