ಮಲ್ಪೆಯ ಕಡಲನ್ನು ಫೈಲಿನಲ್ಲಿ ಇಡುವ ಬಗೆ

ಮೀನು ಎಲ್ಲಿ ಹೆಚ್ಚು ಸಿಗಬಹುದು ಎಂಬ ಸೂಚನೆ ಮಲ್ಪೆಯ ಮೀನುಗಾರರಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಬರುತ್ತದೆ. ಕಡಲ ಮೇಲ್ಮೈ ಎಷ್ಟು ಬಿಸಿ, ನೀರಿನಲ್ಲಿ ಹಸಿರು ಎಷ್ಟು ಎಂದು ಉಪಗ್ರಹಗಳು ಅಳೆದದ್ದೇ ಇದಕ್ಕೆ ಆಧಾರ. ಕಡಲನ್ನು ಸಣ್ಣ ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೂ ಒಂದು ಅಂಕಿ ಬರೆದಿಟ್ಟರೆ ಅದು ರಾಸ್ಟರ್.

ಒಂದು ಚೌಕದಲ್ಲಿ 2843 ಎಂದಿದೆ ಅಂದುಕೊಳ್ಳಿ. ಏನು ತಿಳಿಯಿತು? ಏನೂ ಇಲ್ಲ. 0.01ರಿಂದ ಗುಣಿಸಬೇಕು ಎಂದು ಪಕ್ಕದಲ್ಲಿ ಬರೆದಿದ್ದರೆ ಮಾತ್ರ ಅದು 28.43 ಡಿಗ್ರಿ ಸೆಲ್ಸಿಯಸ್. ದಶಮಾಂಶದ ಅಂಕಿಗೆ ಸಾಮಾನ್ಯವಾಗಿ 4 ಬೈಟ್ ಬೇಕು, ಹೀಗೆ ಪೂರ್ಣ ಸಂಖ್ಯೆ ಮಾಡಿಟ್ಟರೆ 2 ಬೈಟ್ ಸಾಕು. ಜಾಗ ಉಳಿಯಿತು ನಿಜ. ಆದರೆ ಆ ಪಕ್ಕದ ಬರಹ ಕಳೆದುಹೋದರೆ ಅಳತೆಯೇ ಕಳೆದುಹೋದಂತೆ, ಅಲ್ವಾ?

ಅದಕ್ಕೇ ಎಚ್‌ಡಿಎಫ್5 ಎಂಬ ಫೈಲಿನ ಮಾದರಿ ನನಗೆ ಇಷ್ಟ. 1998ರಲ್ಲಿ ಬಂದ ಈ ಫೈಲು ಒಳಗಡೆ ಒಂದು ಮನೆಯ ಹಾಗಿದೆ. ಕೋಣೆಗಳು ಗ್ರೂಪ್, ಅಲ್ಲಿಟ್ಟ ಅಂಕಿಗಳ ರಾಶಿ ಡೇಟಾಸೆಟ್, ರಾಶಿಗೆ ಅಂಟಿಸಿದ ಚೀಟಿ ಆಟ್ರಿಬ್ಯೂಟ್. ಬಿಸಿ ಒಂದು ಕೋಣೆಯಲ್ಲಿ, ಹಸಿರು ಇನ್ನೊಂದರಲ್ಲಿ, ಚೀಟಿಗಳು ಆಯಾ ರಾಶಿಯ ಮೇಲೆಯೇ. ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಯ ಚಿತ್ರಗಳೂ ಇದೇ ರೂಪದಲ್ಲಿ ಸಿಗುತ್ತವೆ.

ಇಂಥ ಫೈಲು ಬರೆಯುವಾಗ ಜಾಸ್ತಿ ಯೋಚಿಸಬೇಕಾದದ್ದು ರಾಶಿಯನ್ನು ಹೇಗೆ ಕಟ್ಟು ಕಟ್ಟಬೇಕು ಎಂಬುದನ್ನು. ಈ ಕಟ್ಟಿಗೆ ಚಂಕ್ ಎನ್ನುತ್ತಾರೆ. 1000 ಸಾಲು, ಸಾಲಿಗೆ 1000 ಚೌಕ, 365 ದಿನ, ಚೌಕಕ್ಕೆ 2 ಬೈಟ್ ಎಂದರೆ ಒಟ್ಟು 730 ಎಂಬಿ. ದಿನಕ್ಕೊಂದು ಕಟ್ಟು ಮಾಡಿ ಕುಗ್ಗಿಸಿಟ್ಟರೆ, ಇವತ್ತಿನ ನಕ್ಷೆಗೆ 2 ಎಂಬಿಯಷ್ಟು ಬಿಚ್ಚಿದರೆ ಮುಗಿಯಿತು. ಆದರೆ ಮಲ್ಪೆ ಎದುರಿನ ಒಂದೇ ಚೌಕದ ವರ್ಷದ ಕಥೆ ಬೇಕೆಂದರೆ 365 ಕಟ್ಟನ್ನೂ ಬಿಚ್ಚಬೇಕು. ಬರೀ 365 ಅಂಕಿಗಾಗಿ ಪೂರ್ತಿ 730 ಎಂಬಿ! ಅದರ ಬದಲು 100 ಸಾಲು, 100 ಚೌಕ, 73 ದಿನ ಸೇರಿಸಿ ಒಂದು ಕಟ್ಟು ಮಾಡಿದರೆ ಅದೇ ಕಥೆಗೆ 5 ಕಟ್ಟು, 7.3 ಎಂಬಿ ಸಾಕು. ಆಗ ಒಂದು ದಿನದ ನಕ್ಷೆ ಕೇಳುವವರು 100 ಕಟ್ಟು, 146 ಎಂಬಿ ಬಿಚ್ಚಬೇಕಾಗುತ್ತದೆ. ಇಬ್ಬರಿಗೂ ಒಗ್ಗುವ ಒಂದೇ ಅಳತೆ ಇಲ್ಲ. ಓದುವವರು ಏನು ಕೇಳುತ್ತಾರೆ ಎಂದು ಮೊದಲೇ ತಿಳಿದುಕೊಂಡು ಕಟ್ಟಬೇಕು.

ಮಳೆಗಾಲದಲ್ಲಿ ಇನ್ನೊಂದು ತೊಡಕು. ಉಡುಪಿಯ ಮೇಲೆ ಮೋಡ ಕವಿದರೆ ಉಪಗ್ರಹದ ಇನ್‌ಫ್ರಾರೆಡ್ ಕಣ್ಣಿಗೆ ಕಡಲು ಕಾಣಿಸುವುದಿಲ್ಲ. ಆ ಚೌಕಗಳಲ್ಲಿ ಸುಮ್ನೆ 0 ಬರೆದರೆ ಅರಬ್ಬಿ ಸಮುದ್ರ 0 ಡಿಗ್ರಿಯಷ್ಟು ತಣ್ಣಗಾಗಿ, ಜುಲೈ ತಿಂಗಳ ಸರಾಸರಿಯೇ ಕೆಡುತ್ತದೆ. -32768ರಂಥ, ನಿಜವಾಗಿ ಬರಲಾರದ ಅಂಕಿ ಬರೆದು, 'ಇಲ್ಲಿ ಅಳತೆ ಇಲ್ಲ' ಎಂದು ಚೀಟಿಯಲ್ಲಿ ಹೇಳಬೇಕು.

ಇನ್ನು ದಿಕ್ಕು. ಚಿತ್ರದ ಫೈಲುಗಳಲ್ಲಿ ಮೊದಲ ಸಾಲು ಸಾಮಾನ್ಯವಾಗಿ ಉತ್ತರದ್ದು, ಆದರೆ ಹವಾಮಾನದ ಎಷ್ಟೋ ಫೈಲುಗಳಲ್ಲಿ ದಕ್ಷಿಣದ್ದು. ಒಮ್ಮೆ ನಾನು ಬರೆದ ಫೈಲಿನಲ್ಲಿ ಮಂಗಳೂರು ಮೇಲೆ, ಕಾರವಾರ ಕೆಳಗೆ ಬಂದಿತ್ತು. ಕರಾವಳಿಯ ಗೆರೆ ಗೊತ್ತಿದ್ದರಿಂದ ತಪ್ಪು ಸಿಕ್ಕಿತು. ಅರ್ಧ ಚೌಕದ ತಪ್ಪು ಹೀಗೆ ಕಣ್ಣಿಗೆ ಬೀಳುವುದಿಲ್ಲ. ಬರೆದ ಅಕ್ಷಾಂಶ ಚೌಕದ ನಡುವಿನದೋ ಮೂಲೆಯದೋ ಎಂಬ ಗೊಂದಲದಿಂದ ಅದು ಆಗುತ್ತದೆ. 1 ಕಿಲೋಮೀಟರ್ ಚೌಕದಲ್ಲಿ ಅದು 500 ಮೀಟರ್. ನಡುಗಡಲಿನಲ್ಲಿ ಹೆಚ್ಚೇನೂ ಆಗದು, ದಡದಲ್ಲಿ ಮರಳಿನ ಬಿಸಿಯೇ ನೀರಿನ ಬಿಸಿ ಎನಿಸಿಕೊಳ್ಳುತ್ತದೆ. ಹಾಗಾಗಿ ಬರೆದು ಮುಗಿಸಿದ ಫೈಲನ್ನು ನಾನು ಮತ್ತೆ ತೆರೆದು, ಮಲ್ಪೆ ದಡದ ನಾಲ್ಕೈದು ಚೌಕಗಳನ್ನು ಮೂಲ ರಾಸ್ಟರ್ ಪಕ್ಕ ಇಟ್ಟು ನೋಡುತ್ತೇನೆ. ಅಂಕಿಯೂ ಜಾಗವೂ ಎರಡರಲ್ಲಿ ಒಂದೇ ಇದ್ದರೆ ಮಾತ್ರ ಇನ್ನೊಬ್ಬರಿಗೆ ಕಳಿಸುತ್ತೇನೆ.