ಚುರುಕಾಗಿರುವ ಹೊಸಬರಿಗೆ ಸ್ವಾಗತ ಯಾಕೆ?

ಪ್ರಶ್ನೆ: ಹೊಸಬರು ಕೆಲಸಕ್ಕೆ ಸೇರಿದಾಗ ಅಷ್ಟೊಂದು ಉಪಚಾರ ಬೇಕಾ? ಚುರುಕಾಗಿದ್ದರೆ ತಾವೇ ಕಲಿತುಕೊಳ್ಳುವುದಿಲ್ಲವೇ?

ಮತ್ತೆ ಇದೇ ಪ್ರಶ್ನೆ! ಕೇಳುವವರ ಹೆಸರು ಮಾತ್ರ ಬೇರೆ.

ಉಪಚಾರ ಬೇಡ. ಬ್ಯಾಗು, ಮಗ್ಗು, ಹೂಗುಚ್ಛ ಇಲ್ಲದಿದ್ದರೂ ನಡೆಯುತ್ತದೆ. ಕೂರಲು ಜಾಗ, ಲ್ಯಾಪ್‌ಟಾಪ್, ಲಾಗಿನ್ ಮೊದಲ ದಿನವೇ ಸಿದ್ಧವಿರಲಿ. ಏನು ಬೇಕಾದರೂ ಕೇಳಬಹುದಾದ ಒಬ್ಬ ಹಳಬರು ಜೊತೆಗಿರಲಿ. ಉತ್ತರ ಇಷ್ಟೇ.

ಆದರೆ ಆ ‘ತಾವೇ ಕಲೀತಾರೆ’ ಅನ್ನುವ ಮಾತನ್ನು ಸುಮ್ನೆ ಬಿಡಲಾರೆ. ಏನನ್ನು ಕಲಿಯುತ್ತಾರೆ? ಕೆಲಸ ಕಲಿಯಬಹುದು, ಅದಕ್ಕೆ ಕೈಪಿಡಿ ಇದೆ. ರಜೆ ಬೇಕಾದರೆ ಮೊದಲು ಬಾಯಲ್ಲಿ ಹೇಳಬೇಕಾ, ನೇರ ಮೇಲ್ ಹಾಕಬೇಕಾ? ‘ಅರ್ಜೆಂಟ್’ ಅಂದರೆ ಈಗಲೇನಾ, ಸಂಜೆಯೊಳಗಾ? ಮೀಟಿಂಗಿನಲ್ಲಿ ಮ್ಯಾನೇಜರ್ ಮಾತನ್ನು ಒಪ್ಪುವುದಿಲ್ಲ ಅಂದರೆ ನಡೆಯುತ್ತಾ? ಇವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಚುರುಕು ಅನ್ನಿಸಿಕೊಂಡು ಬಂದವರಿಗೆ ಇದು ಇನ್ನೂ ಕಷ್ಟ. ಇಷ್ಟೂ ಗೊತ್ತಿಲ್ಲವಾ ಅಂದಾರು ಎಂಬ ಅಳುಕು ಅವರಿಗೇ ಜಾಸ್ತಿ. ಕೇಳದೆ ತಪ್ಪು ಮಾಡುತ್ತಾರೆ. ಆಮೇಲೆ ನಾವು ‘ಅಂದುಕೊಂಡಷ್ಟು ಚುರುಕಿಲ್ಲ’ ಅನ್ನುತ್ತೇವೆ.

ಗೂಗಲ್ ಚುರುಕಿನವರನ್ನೇ ಆರಿಸಿಕೊಳ್ಳುತ್ತದೆ, ಅಲ್ವಾ? ಅಲ್ಲೂ ಹೊಸಬರು ಬರುವ ಮುಂಚೆ ಅವರ ಮ್ಯಾನೇಜರ್‌ಗೆ ಒಂದು ನೆನಪೋಲೆ ಕಳಿಸಿ ನೋಡಿದರು. ಅದರಲ್ಲಿದ್ದದ್ದು ಇಷ್ಟು: ಹೊಸಬರ ಜವಾಬ್ದಾರಿ ಏನೆಂದು ಅವರೊಡನೆ ಕೂತು ಮಾತಾಡಿ, ಜೊತೆಗೊಬ್ಬರನ್ನು ಕೊಡಿ, ಪರಿಚಯ ಬೆಳೆಯಲು ನೆರವಾಗಿ, 6 ತಿಂಗಳು ತಿಂಗಳಿಗೊಮ್ಮೆ ವಿಚಾರಿಸಿ, ಮನಬಿಚ್ಚಿ ಮಾತಾಡಲು ಬಿಡಿ. ಅದರಂತೆ ನಡೆದ ಮ್ಯಾನೇಜರ್‌ಗಳ ಕೈಕೆಳಗಿನ ಹೊಸಬರು ಉಳಿದವರಿಗಿಂತ ಶೇ. 25ರಷ್ಟು ಬೇಗ ಪಳಗಿದರು. ಒಂದು ಮೇಲ್, ಅಷ್ಟೇ! ಗಮನಿಸಿ, ಅದು ಹೋದದ್ದು ಮ್ಯಾನೇಜರ್‌ಗೆ. ‘ಅದೆಲ್ಲ ಎಚ್‌ಆರ್ ನೋಡಿಕೊಳ್ಳುತ್ತೆ’ ಅನ್ನುವವರು ಇದನ್ನು ಇನ್ನೊಮ್ಮೆ ಓದಬೇಕು.

ಇನ್ನು ಆ ಮೊದಲ ದಿನದ ಭಾಷಣ. ಸಂಸ್ಥೆಯ ಹಿರಿಮೆ ಹೇಳುತ್ತಾ ಅರ್ಧ ದಿನ ಕಳೆಯುತ್ತಾರೆ. ವಿಪ್ರೋದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ದಾರಿ ಹಿಡಿದಿತ್ತು. ಕೆಲವು ಹೊಸಬರಿಗೆ ‘ನಿಮ್ಮ ಬಲ ಏನು, ಅದನ್ನು ಇಲ್ಲಿ ಹೇಗೆ ಬಳಸುತ್ತೀರಿ’ ಎಂದು ಕೇಳಿದರು. ಎಂದಿನಂತೆ ತರಬೇತಿ ಪಡೆದವರಿಗಿಂತ ಇವರಲ್ಲಿ ಕೆಲಸ ಬಿಟ್ಟವರು ಕಮ್ಮಿ.

ಯಾರೂ ಕೇಳದ ಇನ್ನೊಂದು ವಿಷಯವಿದೆ. ಪಕ್ಕದ ವಿಭಾಗದಿಂದ ವರ್ಗವಾಗಿ ಬಂದವರು? ‘ಅವರು ನಮ್ಮವರೇ ಬಿಡಿ’ ಎಂದು ಯಾರೂ ಏನೂ ಹೇಳಿಕೊಡುವುದಿಲ್ಲ. ಕಟ್ಟಡ ಗೊತ್ತು, ಜನರ ಮುಖವೂ ಗೊತ್ತು. ಆದರೆ ಈ ತಂಡದ ‘ಅರ್ಜೆಂಟ್’ ಅವರಿಗೂ ಹೊಸದೇ. ಹಳಬರಾದ್ದರಿಂದ ಕೇಳಲು ಇನ್ನೂ ಮುಜುಗರ. ಅವರಿಗೂ ಒಬ್ಬರನ್ನು ಜೊತೆ ಮಾಡಿ.